ನಾಲ್ಕನೇ ಆಳು

ಕಾಸರಗೋಡು ಜಿಲ್ಲೆಯ ಸೀತಾಂಗೋಳಿ ಪೇಟೆಯಲ್ಲಿ ಲಾರಿಯ ಸರಕು ಇಳಿಸುವ ತಲೆಹೊರೆ ಕಾರ್ಮಿಕರು ಏಳು ಮಂದಿ ಇದ್ದರು. ಕಳೆದ ನವೆಂಬರಿನಲ್ಲಿ ಒಬ್ಬರು ಅರುವತ್ತು ತುಂಬಿ ನಿವೃತ್ತರಾದರು. ಅದೇ ತಿಂಗಳು ಅವರ ಯೂನಿಯನ್ನಿನ ಪಾರ್ಟಿ ಒಡೆಯಿತು. ಉಳಿದ ಆರು ಮಂದಿ ಮೂರು ಮೂರಾದರು.

ಜಿಲ್ಲಾ ಸಮ್ಮೇಳನದಿಂದ ಎದ್ದು ಬಂದವರು ಕುಂಬಳೆ ರಸ್ತೆಯಲ್ಲಿ ಬಾಡಿಗೆಗೆ ಕೋಣೆ ಹಿಡಿದರು. ಅವರಿಗೆ ಹೊಸ ಆಫೀಸಿನವರು ಎಂದೂ ಉಳಿದವರಿಗೆ ಹಳೆ ಆಫೀಸಿನವರು ಎಂದೂ ಹೆಸರಾಯಿತು. ಎರಡರ ಮೇಲೂ ಒಂದೇ ಕೆಂಪು ಬಾವುಟ. ಯೂನಿಯನ್ನಿನ ಹೆಸರು ಯಾರಿಗೆ ಸೇರಬೇಕು ಎಂಬುದು ಕೋರ್ಟಿನಲ್ಲಿದೆ. ಹಳಬರು ರಸ್ತೆಯ ಈಚೆ ಕುಳಿತರು, ಹೊಸಬರು ಆಚೆ. ಹೊಡೆದಾಟ ಬೇಡವೆಂದು ಕಾರ್ಮಿಕ ಅಧಿಕಾರಿಯ ಎದುರು ಒಂದು ಒಪ್ಪಂದಕ್ಕೆ ಸಹಿ ಬಿತ್ತು: ಒಂದು ಲಾರಿ ಹಳಬರಿಗೆ, ಮುಂದಿನದು ಹೊಸಬರಿಗೆ. ಒಬ್ಬರ ಸರದಿಯ ಲಾರಿಯನ್ನು ಇನ್ನೊಬ್ಬರು ಮುಟ್ಟಬಾರದು.

ಸಿಮೆಂಟಿಗೆ, ಅಕ್ಕಿಗೆ, ಪ್ಲೈವುಡ್ಡಿಗೆ ಇದು ಸಾಕಾಯಿತು. ಸಾಲದ್ದು ಕಲ್ಲಿಗೆ. ಕೇಶವಪ್ರಸಾದರ ಗ್ರಾನೈಟ್ ಅಂಗಡಿಗೆ ಬರುವ ಹಲಗೆ ಒಂಬತ್ತು ಅಡಿ ಉದ್ದ, ನಾಲ್ಕು ಅಡಿ ಅಗಲ. ತೂಕ ಸುಮಾರು ನೂರ ಎಂಬತ್ತು ಕಿಲೊ. ಈ ತುದಿಗೆ ಇಬ್ಬರು, ಆ ತುದಿಗೆ ಇಬ್ಬರು. ಮೂವರಿಂದ ಆಗುವ ಕೆಲಸವಲ್ಲ. ಡಿಸೆಂಬರಿನಿಂದ ಮಾರ್ಚಿನ ನಡುವೆ ಎರಡು ಲಾರಿ ಕಲ್ಲು ಇಳಿಯದೆ ಹಿಂದೆ ಹೋಯಿತು.

ನಿವೃತ್ತರಾದವರ ಜಾಗಕ್ಕೆ ಹೆಸರು ಕೊಟ್ಟವನು ವಿನೀತ್ ಒಬ್ಬನೇ. ವಯಸ್ಸು ಮೂವತ್ತನಾಲ್ಕು. ಶಾರ್ಜಾದ ಕಂಪೆನಿ ಮುಚ್ಚಿ ಊರಿಗೆ ಬಂದು ಹದಿನಾಲ್ಕು ತಿಂಗಳಾಗಿತ್ತು. ಮನೆ ನಡೆಯುತ್ತಿದ್ದದ್ದು ಹೆಂಡತಿ ತೃಷಾ ಹತ್ತಿರದ ಅನಂತಪುರದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗಿಗೆ ಹೋಗಿ ತರುವುದರಲ್ಲಿ. ಹೊರೆ ಮುಟ್ಟಲು ಬೇಕಾದ ಕಾರ್ಡು ಸಿಗಬೇಕಾದರೆ ಯೂನಿಯನ್ನಿನ ಪತ್ರ ಬೇಕು. ಪತ್ರ ಬೇಕಾದರೆ ಪಾರ್ಟಿಯ ಅರ್ಜಿ ತುಂಬಬೇಕು. ಅವನ ಕೈಗೆ ಎರಡು ಅರ್ಜಿಗಳು ಬಂದವು. ಕಾರ್ಮಿಕ ಅಧಿಕಾರಿಗೆ ಹೆಸರಿನ ಪಟ್ಟಿ ಕಳುಹಿಸುವ ಕೊನೆಯ ದಿನ ಶನಿವಾರ, ಸಂಜೆ ಐದು ಗಂಟೆ.

ಹೊಸ ಆಫೀಸಿನ ಮುರಳೀಕೃಷ್ಣ ಅವನ ಜೊತೆ ಶಾಲೆಗೆ ಹೋದವನು. ಸೋಮವಾರ ಚಹಾದಂಗಡಿಯಲ್ಲಿ ಹಿಡಿದು ಕೂರಿಸಿದ.

"ಇನ್ನೂ ಎಂತ ಯೋಚನೆ ಮಾರಾಯ? ಹೆಣ್ಣು ನೋಡಲಿಕ್ಕೆ ಹೋದಾಗಲೂ ನೀನು ಇಷ್ಟು ದಿನ ತೆಗೆದುಕೊಳ್ಳಲಿಲ್ಲ."

"ಅಲ್ಲಿ ಒಂದೇ ಮನೆ ಇತ್ತು."

"ನೀನು ಬಂದರೆ ನಾವು ನಾಲ್ಕು. ನಮ್ಮ ಸರದಿಗೆ ಬರುವ ಕಲ್ಲೆಲ್ಲ ಇಳಿಸಬಹುದು."

"ಹಳಬರಿಗೆ?"

ಮುರಳೀಕೃಷ್ಣ ಗ್ಲಾಸು ತಿರುಗಿಸಿದ. "ನೀನು ಅಲ್ಲಿಗೆ ಹೋದರೆ ನಮಗೆ ಎಂತ ಅಂತ ಅವರಲ್ಲಿ ಕೇಳಿದ್ದೀಯಾ?"

ವಿನೀತ್ ಕೇಳಿರಲಿಲ್ಲ. ಹಳೆ ಆಫೀಸಿನ ಮೂವರಲ್ಲಿ ಒಬ್ಬರು ಚೆನ್ನಪ್ಪ, ಅವನ ತಾಯಿಯ ಅಣ್ಣ, ಐವತ್ತೆಂಟು ವರ್ಷ. ಉಳಿದವರು ಕುಂಞ ಮತ್ತು ಅಪ್ಪಿ. ವಿನೀತ್ ಮೊದಲ ಸಲ ಮೇ ದಿನದ ಮೆರವಣಿಗೆ ನೋಡಿದ್ದು ಚೆನ್ನಪ್ಪನ ಹೆಗಲ ಮೇಲಿನಿಂದ. ದೊಡ್ಡವನಾದ ಮೇಲೆ ಪಾರ್ಟಿಗೆ ಸೇರುತ್ತೇನೆ ಎಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ. ಯಾವುದಕ್ಕೆ ಎಂಬ ಪ್ರಶ್ನೆ ಆಗ ಇರಲಿಲ್ಲ.

ಮಂಗಳವಾರ ಮಾವನ ಮನೆಗೆ ಹೋಗಿ ಕೇಳಿದ. "ಎಂತಕ್ಕೆ ಮಾವ ಒಡೆದದ್ದು?"

"ಸಮ್ಮೇಳನದಲ್ಲಿ ವರದಿಗೆ ತಿದ್ದುಪಡಿ ತಂದರು."

"ಎಂತ ತಿದ್ದುಪಡಿ?"

"ಅದು ಮಲಯಾಳದಲ್ಲಿ ಹದಿನಾಲ್ಕು ಪುಟ ಇತ್ತು. ಕನ್ನಡದ್ದು ಆಮೇಲೆ ಕೊಡ್ತೇವೆ ಅಂದಿದ್ದರು. ಕೊಡುವ ಮೊದಲೇ ಕುರ್ಚಿ ಹಾರಿತು."

"ಓದದೆ ನೀವು ಹೇಗೆ ಈಚೆ ನಿಂತದ್ದು?"

"ನಾನು ನಿಂತದ್ದಲ್ಲ. ಇದ್ದಲ್ಲೇ ಇದ್ದೆ. ಎದ್ದು ಹೋದವರು ಅವರು." ಚೆನ್ನಪ್ಪ ಬಾಗಿಲ ತನಕ ಬಂದು ಹೇಳಿದರು: "ನಿನಗೆ ಇಲ್ಲಿಗೆ ಬಾ ಅಂತ ನಾನು ಹೇಳುದಿಲ್ಲ. ಮುರಳಿಯ ಕಡೆಯವರಲ್ಲಿ ಇಬ್ಬರಿಗೆ ಸಣ್ಣ ಮಕ್ಕಳುಂಟು."

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಕಲ್ಲಿನ ಲಾರಿ ಬಂತು. ಇಪ್ಪತ್ತೆರಡು ಹಲಗೆ. ಸರದಿ ಹಳಬರದು. ಇದೂ ಹಿಂದೆ ಹೋದರೆ ಇನ್ನು ಕಲ್ಲನ್ನು ಬೇರೆ ಕಡೆಯಲ್ಲೇ ಇಳಿಸಿಕೊಳ್ಳುತ್ತೇನೆ ಎಂದು ಕೇಶವಪ್ರಸಾದರು ಮೊದಲೇ ಹೇಳಿದ್ದರು.

"ಮೂವರು ಸಾಕಾ ಚೆನ್ನಪ್ಪಣ್ಣ?"

"ಸಾಕು."

ಕುಂಞ ಮತ್ತು ಅಪ್ಪಿ ಒಂದು ತುದಿ ಹಿಡಿದರು, ಚೆನ್ನಪ್ಪ ಒಬ್ಬರೇ ಇನ್ನೊಂದು. ಮೊದಲ ಹಲಗೆ ಇಳಿಯಿತು. ಎರಡನೆಯದು ಅಂಗಡಿಯ ಮೆಟ್ಟಿಲಲ್ಲಿ ಒಮ್ಮೆ ವಾಲಿ ನೆಟ್ಟಗಾಯಿತು. ರಸ್ತೆಯ ಆಚೆ ಮುರಳೀಕೃಷ್ಣ ಮತ್ತು ಅವನ ಇಬ್ಬರು ಎದ್ದು ನಿಂತಿದ್ದರು. ಚಹಾದಂಗಡಿಯಲ್ಲಿದ್ದ ವಿನೀತ್ ಲಾರಿಯ ಹತ್ತಿರ ಬಂದ.

"ಮಾವ, ಆ ಬದಿ ನಾನು ಹಿಡೀತೇನೆ."

"ಕಾರ್ಡ್ ಉಂಟಾ?"

"ಇಲ್ಲ."

"ಹಾಗಾದರೆ ಅಲ್ಲೇ ನಿಲ್ಲು. ಕಾರ್ಡ್ ಇಲ್ಲದವ ಹೊರೆ ಮುಟ್ಟಬಾರದು ಅಂತ ಇದೇ ಜಾಗದಲ್ಲಿ ಹನ್ನೊಂದು ದಿನ ಸತ್ಯಾಗ್ರಹ ಕೂತವ ನಾನು."

"ನೀವು ಬೀಳ್ತೀರಿ."

"ಶನಿವಾರ ಅರ್ಜಿ ಕೊಡು, ಕಾರ್ಡ್ ಬರಲಿ. ಆಮೇಲೆ ಹಿಡಿ."

ವಿನೀತ್ ನಿಂತ. ಮೂರನೆಯ ಹಲಗೆ ಲಾರಿಯಿಂದ ಅರ್ಧ ಹೊರಬಂದಾಗ ಚೆನ್ನಪ್ಪನ ತುದಿ ತಿರುಗಿತು. ಅವರು ಕೈ ಬಿಡಲಿಲ್ಲ. ಬಿಟ್ಟಿದ್ದರೆ ಕಲ್ಲು ಮಾತ್ರ ಒಡೆಯುತ್ತಿತ್ತು. ಹಲಗೆ ಅವರ ಬಲಗಾಲಿನ ಮೇಲೆ ಕೂತಿತು.

ಆಚೆಯ ಮೂವರು ಓಡಿ ಬಂದರು. ಕುಂಞ, ಅಪ್ಪಿ, ವಿನೀತ್ ಸೇರಿ ಆರು ಮಂದಿ ಹಿಡಿದಾಗ ಕಲ್ಲು ಬಾಗಿಲಿನ ಹಲಗೆಯಷ್ಟು ಸಲೀಸಾಗಿ ಎದ್ದಿತು. ಯಾರ ಸರದಿ, ಯಾರಿಗೆ ಕಾರ್ಡಿದೆ ಎಂದು ಯಾರೂ ಕೇಳಲಿಲ್ಲ. ಉಳಿದ ಹತ್ತೊಂಬತ್ತು ಹಲಗೆ ಲಾರಿಯಲ್ಲೇ ಉಳಿಯಿತು. ಕಾಸರಗೋಡಿನ ಆಸ್ಪತ್ರೆಗೆ ಆಂಬುಲೆನ್ಸಿನಲ್ಲಿ ಮುರಳೀಕೃಷ್ಣನೂ ಹೋದ, ಕುಂಞನೂ ಹೋದ. ಸಂಜೆಗೆ ಪೇಟೆಯಲ್ಲಿ ಎರಡು ಫ್ಲೆಕ್ಸ್ ಎದ್ದವು. ಹಳೆ ಆಫೀಸಿನದರಲ್ಲಿ ಕಾರ್ಮಿಕರನ್ನು ಒಡೆದವರೇ ಕಾರಣ ಎಂದಿತ್ತು. ಹೊಸ ಆಫೀಸಿನದರಲ್ಲಿ ಮೂವರನ್ನು ಕಲ್ಲಿಗೆ ಇಳಿಸಿದವರೇ ಕಾರಣ ಎಂದಿತ್ತು. ಎರಡರಲ್ಲೂ ಚೆನ್ನಪ್ಪನ ಅದೇ ಫೋಟೊ.

ಶುಕ್ರವಾರ ಮಂಡಿಯ ಕೆಳಗಿನಿಂದ ಕಾಲು ತೆಗೆದರು.

ಶನಿವಾರ ಎರಡು ಗಂಟೆಗೆ ವಿನೀತ್ ಹಾಸಿಗೆಯ ಪಕ್ಕದಲ್ಲಿ ಕುಳಿತಿದ್ದ. ಎರಡೂ ಅರ್ಜಿ ಕಿಸೆಯಲ್ಲಿದ್ದವು. ಚೆನ್ನಪ್ಪ ಕೇಳಿದರು.

"ಬರೆದಾಯಿತಾ?"

"ಹಳೆ ಆಫೀಸಿಗೇ ಕೊಡ್ತೇನೆ ಮಾವ. ನಿಮ್ಮ ಜಾಗಕ್ಕೆ."

"ಲೆಕ್ಕ ಹಾಕು. ಕುಂಞ, ಅಪ್ಪಿ, ನೀನು. ಮೂರು. ಮೂರು ಅಂದರೆ ಎಂತ ಅಂತ ನೋಡಿದೆಯಲ್ಲ."

ವಿನೀತ್ ಕಿಸೆಯಿಂದ ಎರಡೂ ಅರ್ಜಿ ತೆಗೆದ.

"ಅಲ್ಲಿಗೆ ನೀನು ಹೋದರೆ ನಾಲ್ಕು. ಇಲ್ಲಿ ಇನ್ನೊಂದು ಕಾಲು ಹೋಗುದು ಬೇಡ."

"ಕುಂಞಣ್ಣನಲ್ಲಿ ಎಂತ ಹೇಳುದು?"

"ಹೇಳಬೇಡ. ಅವನಿಗೂ ಲೆಕ್ಕ ಬರ್ತದೆ." ಚೆನ್ನಪ್ಪ ಕಣ್ಣು ಮುಚ್ಚಿದರು. "ನಾನು ಹೇಳಿದೆ ಅಂತ ಮಾತ್ರ ಯಾರಲ್ಲೂ ಹೇಳಬೇಡ. ಮೂವತ್ತೆರಡು ವರ್ಷ ಒಟ್ಟಿಗೆ ಹೊತ್ತವರು ನಾವು."

ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ ವಿನೀತ್ ಹೊಸ ಆಫೀಸಿನ ಅರ್ಜಿಗೆ ಸಹಿ ಹಾಕಿದ. ಪಾರ್ಟಿಗೆ ಸೇರಲು ಇಚ್ಛಿಸುವ ಕಾರಣ ಎಂಬಲ್ಲಿ ನಾಲ್ಕು ಗೆರೆ ಜಾಗವಿತ್ತು. ಮುರಳೀಕೃಷ್ಣ ಹೇಳಿದ್ದನ್ನು ಬರೆದ.

ಕಾರ್ಡು ಮೂರು ವಾರದಲ್ಲಿ ಬಂತು. ಹೊಸಬರು ನಾಲ್ವರಾದರೆಂದು ಕೇಶವಪ್ರಸಾದರು ಮತ್ತೆ ಕಲ್ಲು ತರಿಸಿದರು. ಮೊದಲ ಕಲ್ಲಿನ ಲಾರಿ ಹೊಸಬರ ಸರದಿಗೆ ಸಿಕ್ಕಿತು. ನಾಲ್ವರು ಒಂದೂವರೆ ಗಂಟೆಯಲ್ಲಿ ಇಳಿಸಿದರು. ಎರಡನೆಯ ಕಲ್ಲಿನ ಲಾರಿ ಹಳಬರ ಸರದಿಗೆ ಬಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಬಂದು ನಿಂತಿತು. ಕುಂಞ ಮತ್ತು ಅಪ್ಪಿ ಅದರ ನೆರಳಿನಲ್ಲಿ ಕುಳಿತರು. ಡ್ರೈವರ್ ಎರಡು ಸಲ ರಸ್ತೆ ದಾಟಿ ಬಂದು ನೀವು ಇಳಿಸ್ತೀರಾ ಎಂದು ಹೊಸಬರಲ್ಲಿ ಕೇಳಿದ. "ಅದು ಅವರ ಲಾರಿ," ಎಂದ ಮುರಳೀಕೃಷ್ಣ. ನಾಲ್ಕೂವರೆಗೆ ಡ್ರೈವರ್ ಹಗ್ಗ ಬಿಗಿದು ಲಾರಿ ತಿರುಗಿಸಿದ.

ಕುಂಞ ಚಹಾದಂಗಡಿಗೆ ಬಂದ. ವಿನೀತನ ಎದುರಿನ ಬೆಂಚಿನಲ್ಲೇ ಜಾಗವಿತ್ತು.

"ಚೆನ್ನಪ್ಪನಿಗೆ ಹೇಗುಂಟು?"

"ಗಾಯ ಒಣಗ್ತಾ ಉಂಟು ಕುಂಞಣ್ಣ."

"ಕೇಳಿದೆ ಅಂತ ಹೇಳು."

ಕುಂಞ ಇನ್ನೇನೋ ಕೇಳುವವನಂತೆ ಅವನ ಮುಖ ನೋಡಿದ. ವಿನೀತ್ ಗ್ಲಾಸಿನೊಳಗೆ ನೋಡಿದ. ಅಷ್ಟರಲ್ಲಿ ಸಿಮೆಂಟಿನ ಲಾರಿ ಬಂದು ರಸ್ತೆಯ ಆಚೆ ನಿಂತಿತು.

"ವಿನೀತಾ," ಮುರಳೀಕೃಷ್ಣ ಕರೆದ, "ನಮ್ಮದು."

ವಿನೀತ್ ಎದ್ದು ಹೋದ.