ಬೆನ್ನು ಮಾಡಿ ಕೂತವರು

ಬಾಗಿಲು ತೆಗೆದ ಕೂಡಲೇ ಬಿಸಿಲು ನುಗ್ಗಿ ಸೀಸೆಗಳ ಮೇಲೆ ಕೂತಿತು, ಹಸಿರು, ಕಂದು, ಮತ್ತೆ ಹಸಿರು, ನಿನ್ನೆಯ ಬಿಯರಿನ ಹುಳಿ ವಾಸನೆ ಇನ್ನೂ ಹೋಗಿಲ್ಲ, ಹೋಗುವುದೂ ಇಲ್ಲ, ಮದುವೆಯಾಗಿ ಬಂದ ಹೊಸದರಲ್ಲಿ ಮೂಗು ಮುಚ್ಚಿಕೊಂಡೇ ಓಡಾಡುತ್ತಿದ್ದೆ, ಮಾವ ನಗುತ್ತಿದ್ದರು, ನಾಲ್ಕು ದಿನ ತಡ್ಕೊಳಮ್ಮ, ಆಮೇಲೆ ಇದೇ ನಮ್ಮನೆ ವಾಸನೆ — ಹಾಗೇ ಆಯಿತು. ಮಾವ ಈ ಬಾರು ಶುರುಮಾಡಿದ್ದು ಮೂರು ಬೆಂಚಿನಿಂದ, ಅವರು ಹೋದ ಮೇಲೆ ಅತ್ತೆ ಗಲ್ಲಾದಲ್ಲಿ ಕೂತರು, ಗಂಡಸರ ಅಡ್ಡೆ ನಿಮಗ್ಯಾಕೆ ಅಂದವರಿಗೆ, ಗಂಡಸರನ್ನ ಹೆತ್ತೋರು ಯಾರಪ್ಪ ಅಂತ ಕೇಳಿ ಬಾಯಿ ಮುಚ್ಚಿಸಿದರು, ಈಗ ನಾನು, ಮೂರನೆಯವಳು, ಒಡೆಯರು ಬದಲಾದರೂ ಆ ಇಬ್ಬರು ಗಿರಾಕಿಗಳು ಬದಲಾಗಲಿಲ್ಲ, ಸಂಜೆ ಐದಕ್ಕೆ ಟೈಲರಣ್ಣ ಕಿಟಕಿ ಪಕ್ಕ, ಐದೂಕಾಲಿಗೆ ಪೋಸ್ಟಣ್ಣ ಗೋಡೆ ಪಕ್ಕ, ಒಬ್ಬರಿಗೊಬ್ಬರು ಬೆನ್ನು ಮಾಡಿ, ಹನ್ನೊಂದು ವರ್ಷ.

ಅದಕ್ಕೂ ಮುಂಚೆ ಒಂದೇ ಬೆಂಚು, ಒಂದೇ ತಟ್ಟೆ ಕಡಲೆಕಾಯಿ, ಆ ದಿನ ಪೋಸ್ಟಣ್ಣ ತನ್ನ ಮಗಳ ಮದುವೆಗೆಂದು ಟೈಲರಣ್ಣ ಹೊಲಿದುಕೊಟ್ಟ ಕೋಟು ಹಾಕಿಕೊಂಡು ಬಂದ, ತೋಳು ಗಿಡ್ಡ, ಏನಯ್ಯ ಇದು ಅಂದ, ತೋಳು ಸರಿಯಾಗೇ ಇದೆ ಕಣೋ, ನಿನ್ನ ಕೈಯೇ ಉದ್ದ ಅಂದ ಟೈಲರಣ್ಣ — ಇಡೀ ಬಾರು ನಕ್ಕಿತು, ನಾನೂ ನಕ್ಕೆ, ಆ ವಾರವೇ ಅಂಚೆ ಕಚೇರಿಯಲ್ಲಿ ಒಂದು ಪಾರ್ಸೆಲ್ ಕಾಣೆಯಾಗಿ ಎಲ್ಲರೂ ಅವನನ್ನು ಕಳ್ಳನ ಹಾಗೆ ನೋಡುತ್ತಿದ್ದದ್ದು ನಮಗೆ ಯಾರಿಗೆ ಗೊತ್ತಿತ್ತು, ಅವನ ಮುಖ ಕಪ್ಪಿಟ್ಟಿತು, ನೀನೂನಾ ಅಂದ, ಅಷ್ಟೇ, ಕೋಟು ಬಿಚ್ಚಿ ಬೆಂಚಿನ ಮೇಲಿಟ್ಟು ಹೋದ. ತಿಂಗಳಾದ ಮೇಲೆ ಪಾರ್ಸೆಲ್ ಬೀರುವಿನ ಹಿಂದೆ ಸಿಕ್ಕಿತು, ಹೋದ ಮಾತು ಸಿಗಲಿಲ್ಲ, ತಮಾಷೆಗೆ ಅಂದೆ ಕಣಮ್ಮ ಅಂತ ಟೈಲರಣ್ಣ ಅತ್ತೆಯ ಹತ್ತಿರ ಹೇಳಿಕೊಂಡನೇ ಹೊರತು ಅವನ ಹತ್ತಿರ ಹೇಳಲಿಲ್ಲ, ಒಮ್ಮೆ ಅತ್ತೆ ಎರಡೂ ಮೇಜು ಜೋಡಿಸಿಟ್ಟರು, ಇಬ್ಬರೂ ನಿಂತೇ ಕುಡಿದರು, ಹಠಮಾರಿಗಳು, ಬೇರೆ ಬಾರಿಗೆ ಹೋಗಬಹುದಿತ್ತಲ್ಲ, ಹೋಗಲಿಲ್ಲ, ಒಬ್ಬ ಬಾರದ ದಿನ ಇನ್ನೊಬ್ಬನ ಗ್ಲಾಸು ಖಾಲಿಯಾಗುತ್ತಿರಲಿಲ್ಲ.

ಹೋದ ತಿಂಗಳು ಟೈಲರಣ್ಣನಿಗೆ ಲಕ್ವ ಹೊಡೆಯಿತು, ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು, ಪೋಸ್ಟಣ್ಣ ದಿನಾ ಬಂದ, ಏನೂ ಕೇಳಲಿಲ್ಲ, ಕುರ್ಚಿ ಮಾತ್ರ ಸ್ವಲ್ಪ ಕಿಟಕಿಯ ಕಡೆ ತಿರುಗಿತ್ತು — ನಿನ್ನೆ ಸಂಜೆ ಟೈಲರಣ್ಣನನ್ನು ಮಗಳು ಹಿಡಿದುಕೊಂಡು ಬಂದಳು, ಅಕ್ಕ, ಬೆಳಗ್ಗಿಂದ ಬಾಗಿಲ ಕಡೆ ಕೈ ತೋರಿಸ್ತಾನೇ ಇದ್ರು, ಒಂದ್ ಗಳಿಗೆ ಕೂತಿರ್ಲಿ, ಸೋಡಾ ಕೊಡಿ ಸಾಕು, ಕೊಟ್ಟೆ, ಎಡಗೈಯಲ್ಲಿ ಎತ್ತಲು ಹೋಗಿ ಮೈಮೇಲೆ ಚೆಲ್ಲಿಕೊಂಡ, ಗೋಡೆ ಪಕ್ಕದ ಕುರ್ಚಿ ಕಿರ್ರೆಂದಿತು, ಪೋಸ್ಟಣ್ಣ ಎದ್ದು ಬಂದ, ಎದುರಿಗೆ ಕೂತ, ತನ್ನ ತೋಳಿನಿಂದಲೇ ಅವನ ಗಲ್ಲ ಒರೆಸಿದ, ಏನೋ, ಈಗ ನಿನ್ ಕೈ ಗಿಡ್ಡ ಆಯ್ತಾ, ಅಂದವನೇ ಅತ್ತುಬಿಟ್ಟ, ಟೈಲರಣ್ಣ ಬಾಯಿ ತೆರೆದ, ದನಿ ಬರಲಿಲ್ಲ, ಎಡಗೈ ಎದ್ದು ಪೋಸ್ಟಣ್ಣನ ಅಂಗಿಯ ಮೇಲೆ ತಡಕಾಡಿತು, ದಾರ ಸಡಿಲವಾಗಿದ್ದ ಒಂದು ಗುಂಡಿ ಹಿಡಿಯಿತು, ಬಿಡಲಿಲ್ಲ. ಮೇಜು ಒರೆಸಬೇಕು, ನೆಲ ತೊಳೆಯಬೇಕು, ಐಸಿನವನು ಬರುವ ಹೊತ್ತು, ಒಂದೂ ಕೈಗೆ ಹತ್ತುತ್ತಿಲ್ಲ, ಕಣ್ಣ ಮುಂದೆ ನಿನ್ನೆಯ ಆ ಬೆರಳುಗಳೇ, ಸೂಜಿಯಿಲ್ಲ, ದಾರವಿಲ್ಲ, ಗುಂಡಿಯನ್ನು ಎಳೆದು ನೋಡುತ್ತವೆ, ಒತ್ತಿ ಕೂರಿಸುತ್ತವೆ, ಮತ್ತೆ ಎಳೆದು ನೋಡುತ್ತವೆ, ಆ ಗುಂಡಿ, ಸಡಿಲವಾದ ಆ ಬಿಳಿ ಗುಂಡಿ —