ಮೊಣಕೈ ಕೆಳಗೆ ನಾಲ್ಕು ಬೆರಳು

ಗೋಪಾಳ ಬಡಾವಣೆಯ ಆ ಮನೆಯಲ್ಲಿ ದ್ಯಾಮಮ್ಮನಿಗೆ ಎರಡು ಕೆಲಸವಿತ್ತು. ಒಂದು ಪಾತ್ರೆ ತೊಳೆಯುವುದು. ಅದು ಬೀದಿಗೆಲ್ಲ ಗೊತ್ತಿತ್ತು. ಇನ್ನೊಂದು ಅಡುಗೆ ಮಾಡುವುದು. ಅದು ಯಾರಿಗೂ ಗೊತ್ತಾಗಬಾರದಿತ್ತು. ಎಂಟು ವರ್ಷದ ಹಿಂದೆ ಮನೆಯೊಡತಿ ಸುಮನಾಗೆ ಜ್ವರ ಬಂದಾಗ ಒಂದು ದಿನ ಸಾರು ಮಾಡಿಕೊಟ್ಟದ್ದೇ ನೆಪ. ಜ್ವರ ಬಿಟ್ಟಿತು, ಸುಮನಾ ಮಾತ್ರ ಒಲೆಯ ಕಡೆ ತಿರುಗಿ ನೋಡಲಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವವಳು, ಪುರುಸೊತ್ತಿಲ್ಲ ಎಂದಳು. ಅವಳ ಗಂಡ ಸುದೀಪ್ ಬಾಯಿ ಚಪ್ಪರಿಸಿಕೊಂಡು ತಿಂದು ಸುಮ್ಮನಾದ. ಆದರೆ ಊರಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದ ಅವನ ಅಪ್ಪ ಭೈರಪ್ಪ, ಅಮ್ಮ ಪುಷ್ಪಮ್ಮ, ನೆಂಟರಿಷ್ಟರು ದ್ಯಾಮಮ್ಮನ ಜಾತಿಯವರ ಕೈಯಿಂದ ನೀರನ್ನೂ ಮುಟ್ಟುವವರಲ್ಲ. ಹಾಗಾಗಿ ಅವರು ಬಂದ ದಿನ ದ್ಯಾಮಮ್ಮ ಅಡುಗೆ ಮುಗಿಸಿ ಹಿತ್ತಲಲ್ಲಿ ಪಾತ್ರೆ ಮುಂದಿಟ್ಟುಕೊಂಡು ಕೂರಬೇಕು, ಸುಮನಾ ಸೆರಗು ಸಿಕ್ಕಿಸಿಕೊಂಡು ಬಡಿಸಬೇಕು. ಹಾಗಂತ ಒಪ್ಪಂದ.

ಇದರಿಂದ ದ್ಯಾಮಮ್ಮನಿಗೆ ನೋವಾಗುತ್ತಿತ್ತು ಎಂದು ಯಾರಾದರೂ ಅಂದುಕೊಂಡರೆ ಅದು ತಪ್ಪು. ಅವಳಿಗೆ ಮಜಾ ಬರುತ್ತಿತ್ತು. ಹಿತ್ತಲಲ್ಲಿ ಕುಕ್ಕರ್ ಉಜ್ಜುತ್ತಾ ಕಿವಿಯನ್ನು ಒಳಗಿಟ್ಟಿರುತ್ತಿದ್ದಳು. "ನಮ್ಮ ಸೊಸೆ ಕೈಗುಣವೇ ಬೇರೆ" ಎಂದು ಪುಷ್ಪಮ್ಮ ಅನ್ನುವುದು, ಭೈರಪ್ಪ ಮೂರನೇ ಸಲ ಸಾರು ಹಾಕಿಸಿಕೊಂಡು ಸೊರ್ರೆಂದು ಹೀರುವುದು, ಎಲ್ಲ ಕೇಳುತ್ತಿತ್ತು. ತಿನ್ನಿ ಮಾರಾಯ್ರೇ, ಹೊಟ್ಟೆ ತುಂಬ ತಿನ್ನಿ, ಎಂದು ಅವಳು ಒಳಗೊಳಗೇ ನಗುತ್ತಿದ್ದಳು. ನೂರಾರು ಕ್ವಿಂಟಲ್ ಅಡಿಕೆಯಲ್ಲಿ ಹಸಿ ಯಾವುದು, ಹಾಳು ಯಾವುದು ಎಂದು ಕಣ್ಣಳತೆಯಲ್ಲೇ ಹೇಳುವ ಗೌಡರಿಗೆ ಬಾಯಲ್ಲಿರುವುದು ಯಾರ ಕೈಯಡುಗೆ ಅನ್ನುವುದೇ ಗೊತ್ತಿಲ್ಲವಲ್ಲ. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಆ ನಗು ಒಂದೇ. ಅದಕ್ಕಾಗಿಯೇ ಅವಳು ಇಷ್ಟು ವರ್ಷ ಹಿತ್ತಲಲ್ಲಿ ಕೂತಿದ್ದಳು ಎಂದರೂ ನಡೆದೀತು.

ಹೀಗಿರುವಾಗ ಸುಮನಾಗೆ ಅಡುಗೆಮನೆ ಹೊಸದು ಮಾಡಿಸುವ ಹುಚ್ಚು ಹಿಡಿಯಿತು. ಯಾವುದೋ ಗೆಳತಿಯ ಮನೆಯಲ್ಲಿ ನೋಡಿಕೊಂಡು ಬಂದಿದ್ದಳು. ಗಟ್ಟಿಮುಟ್ಟಾಗಿದ್ದ ಕಡಪ ಕಲ್ಲನ್ನು ಒಡೆಸಿ ಅದರ ಜಾಗಕ್ಕೆ ಹಾಲುಬಿಳಿ ಕಲ್ಲು ಬೇಕಂತೆ. ಮೂರು ಹೊತ್ತೂ ಅರಿಶಿನ, ಹುಣಸೆಹುಳಿ, ಸಾರಿನಪುಡಿ ಚೆಲ್ಲುವ ಮನೆಗೆ ಹಾಲುಬಿಳಿ. ಕತ್ತು ಕೊಂಕಿಸಿಕೊಂಡು ನಿಲ್ಲುವ ಒಂದು ನಲ್ಲಿ ಬಂತು. ಎಳೆದರೆ ಹೊಟ್ಟೆಯಿಂದ ಪೈಪು ಹೊರಬರುತ್ತಿತ್ತು, ಬಿಟ್ಟರೆ ಒಳಹೋಗುತ್ತಿರಲಿಲ್ಲ. ಗೋಡೆಗೆ ಹಾಕಿಸಲು ತಂದ ಟೈಲ್ಸ್ ಮೇಲೆ ಕಪ್ಪು ಕಾಯಿಗಳ ಗೊಂಚಲಿನ ಚಿತ್ರ. ಊರಿಂದ ಬಂದಿದ್ದ ಪುಷ್ಪಮ್ಮ ಅದನ್ನು ನೋಡಿ, "ನೇರಳೆ ಹಣ್ಣೇನೆ ಇದು?" ಎಂದರು.

"ಆಲಿವ್ ಅತ್ತೆ," ಎಂದಳು ಸುಮನಾ.

"ತಿನ್ನಬಹುದಾ?"

ಆ ಮನೆಯಲ್ಲಿ ಯಾರೂ ಅದನ್ನು ತಿಂದಿರಲಿಲ್ಲ. ಸುಮನಾ ಮಾತು ಬದಲಿಸಿದಳು.

ಕೆಲಸಕ್ಕೆ ಬಂದವನು ಭದ್ರಾವತಿಯ ಓಬಯ್ಯ. ಕಲ್ಲನ್ನು ಅಲ್ಲಿಯ ಅಂಗಡಿಯಲ್ಲೇ ತೆಗೆದುಕೊಂಡದ್ದರಿಂದ ಅಂಗಡಿಯವರೇ ಅವನನ್ನು ಕಳಿಸಿದ್ದರು. ದ್ಯಾಮಮ್ಮನ ತವರು ಅಲ್ಲೇ, ಓಬಯ್ಯನ ಬೀದಿಯಲ್ಲೇ. ಚಿಕ್ಕಂದಿನಿಂದ ಅವಳಿಗೆ ಅವನು ಓಬಣ್ಣ. ಗಾರೆ ಕೆಲಸದಲ್ಲಿ ಮೂವತ್ತು ವರ್ಷ ಸವೆದ ಅವನಿಗೆ ಒಂದು ಪದ್ಧತಿಯಿತ್ತು. ಅಡುಗೆ ಕಟ್ಟೆಯ ಎತ್ತರವನ್ನು ಅವನು ಟೇಪು ನೋಡಿ ಹೇಳುತ್ತಿರಲಿಲ್ಲ. ಅಡುಗೆ ಮಾಡುವವರನ್ನೇ ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ, ಕೈ ಮಡಿಸಲು ಹೇಳಿ, ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಪೆನ್ಸಿಲ್ ಗೀಟು ಎಳೆಯುತ್ತಿದ್ದ. ಕಲ್ಲು ಆ ಗೀಟಿಗೇ ಕೂರಬೇಕು. ಒಂದಿಂಚು ಹೆಚ್ಚಾದರೆ ಭುಜ ಹೋಗುತ್ತೆ, ಕಡಿಮೆಯಾದರೆ ಸೊಂಟ ಹೋಗುತ್ತೆ ಅನ್ನುತ್ತಿದ್ದ.

ಅಳತೆಯ ದಿನ ಪುಷ್ಪಮ್ಮ ಕುರ್ಚಿ ಹಾಕಿಕೊಂಡು ಅಲ್ಲೇ ಕೂತಿದ್ದರು. ಓಬಯ್ಯ ಪೆನ್ಸಿಲನ್ನು ಕಿವಿಯಿಂದ ತೆಗೆದು, "ಅಡುಗೆ ಮಾಡೋರು ಯಾರು, ಬನ್ನಿ, ಇಲ್ಲಿ ನಿಂತ್ಕೊಳಿ" ಎಂದ.

ದ್ಯಾಮಮ್ಮನ ಕಾಲು ತಾನಾಗಿಯೇ ಒಂದು ಹೆಜ್ಜೆ ಮುಂದೆ ಹೋಯಿತು. ಅಷ್ಟರಲ್ಲಿ ಸುಮನಾ ಓಡಿಬಂದು ಗೋಡೆಗೆ ಒರಗಿ, "ನಾನೇ. ನಾನಲ್ದೆ ಇನ್ಯಾರು?" ಎಂದಳು. ಮನೆಯೊಳಗೂ ದಪ್ಪ ಅಟ್ಟೆಯ ಚಪ್ಪಲಿ ಮೆಟ್ಟಿ ಓಡಾಡುವ ಹೆಂಗಸು, ಅದನ್ನೂ ಬಿಡಲಿಲ್ಲ. "ಮೇಡಂ, ಚಪ್ಪಲಿ" ಎಂದ ಓಬಯ್ಯ. "ನಾನು ಅಡುಗೆ ಮಾಡೋದು ಇದನ್ನ ಹಾಕ್ಕೊಂಡೇ" ಎಂದಳು. ಹೆಂಗಸು ತೆಂಗಿನಮರದ ಹಾಗೆ ಬೆಳೆದಿದ್ದಾಳೆ. ದ್ಯಾಮಮ್ಮ ಅವಳ ಭುಜಕ್ಕೂ ಬರುವುದಿಲ್ಲ. ಓಬಯ್ಯ ಅವಳ ಮಡಿಸಿದ ಕೈಯನ್ನು, ಬಣ್ಣ ಹಚ್ಚಿದ ಉಗುರನ್ನು ಒಂದು ಕ್ಷಣ ನೋಡಿದ. ಆಮೇಲೆ ದ್ಯಾಮಮ್ಮನ ಕೈ ನೋಡಿದ. ಸುಮನಾಳ ಮೊಣಕೈ ಕೆಳಗೆ ಗೀಟು ಎಳೆದ.

ಅವತ್ತು ದ್ಯಾಮಮ್ಮನಿಗೆ ಮೊದಲ ಸಲ ನಗು ಬರಲಿಲ್ಲ. ಹೊಗಳಿಕೆಯನ್ನು ಸುಮನಾ ತಿಂದರೆ ತಿನ್ನಲಿ, ಅದು ಗಾಳಿಮಾತು. ಗೋಡೆಯ ಮೇಲಿನ ಆ ಗೀಟು ಮಾತ್ರ ತನ್ನದಾಗಬೇಕಿತ್ತು ಎಂದು ಅವಳಿಗೆ ಬಲವಾಗಿ ಅನಿಸಿತು. ನಾಳೆಯಿಂದ ಅಲ್ಲಿ ನಿಂತು ಬೇಯುವ ಮೈ ತನ್ನದು.

ಕಲ್ಲು ಕೂತಿತು. ದ್ಯಾಮಮ್ಮ ಅದರ ಮುಂದೆ ನಿಂತರೆ ಅದು ಅವಳ ಎದೆಗೇ ಬರುತ್ತಿತ್ತು. ಅದರ ಮೇಲೆ ಒಲೆ, ಒಲೆಯ ಮೇಲೆ ಪಾತ್ರೆ. ಬೇಳೆ ಬೆಂದಿದೆಯೋ ಇಲ್ಲವೋ ನೋಡಲು ತುದಿಗಾಲಲ್ಲಿ ನಿಲ್ಲಬೇಕು. ನಾಲ್ಕೇ ದಿನಕ್ಕೆ ಬಲಭುಜ ಹಿಡಿದುಕೊಂಡಿತು. ಸುಮನಾಗೆ ಹೇಳಿದ್ದಕ್ಕೆ, "ಅಭ್ಯಾಸ ಆಗುತ್ತೆ ದ್ಯಾಮಮ್ಮ, ನೀವು ಸ್ವಲ್ಪ ಯೋಗ ಮಾಡಿ" ಎಂದಳು. ಹೋಗಿ ಬನ್ನಿ ಎಂದು ಬಹುವಚನ ಹಚ್ಚಿದರೆ ಉಳಿದದ್ದೆಲ್ಲ ಮಾಫಿ ಎಂದು ತಿಳಿದ ಜನ ಇವರು.

ಕೊನೆಗೆ ಓಬಯ್ಯನೇ ಉಪಾಯ ಮಾಡಿದ. ಟೈಲ್ಸ್ ಸಂದಿಗೆ ಸಿಮೆಂಟ್ ತುಂಬಲು ಬಂದವನು ತಾರಸಿ ಹಾಕುವಾಗ ಬಳಸುವ ಸೆಂಟ್ರಿಂಗ್ ಹಲಗೆಯ ಮೂರು ತುಂಡು ತಂದು, ಮೊಳೆ ಹೊಡೆದು, ಆರಿಂಚು ಎತ್ತರದ ಒಂದು ಮೆಟ್ಟು ಮಾಡಿ ಒಲೆಯ ಮುಂದೆ ಇಟ್ಟ. ಹಲಗೆಯ ಮೈತುಂಬ ಹಳೇ ಸಿಮೆಂಟಿನ ಕಲೆ. "ಅವರ ಅಳತೆಗೆ ಕಲ್ಲು, ನಿನ್ನ ಅಳತೆಗೆ ಹಲಗೆ, ತಗೋ ತಂಗಿ" ಎಂದ. "ನಂಗೆ ಗೊತ್ತಿಲ್ವಾ, ಆ ಕೈ ಒಗ್ಗರಣೆ ಹಾಕಿದ ಕೈಯಲ್ಲ ಅಂತ."

"ನಿಂಗೆ ಗೊತ್ತಾಯ್ತು ಓಬಣ್ಣ. ಆ ಅಡಿಕೆ ಗೌಡರಿಗೆ ಎಂಟು ವರ್ಷ ಆದ್ರೂ ಗೊತ್ತಾಗಿಲ್ಲ," ಎಂದು ದ್ಯಾಮಮ್ಮ ನಕ್ಕಳು. ನಗು ವಾಪಸ್ ಬಂದಿತ್ತು.

ಹೊಸ ಅಡುಗೆಮನೆ ತೋರಿಸಲಿಕ್ಕೆಂದು ಸುಮನಾ ಒಂದು ಭಾನುವಾರ ಊರಿನ ಹದಿನಾಲ್ಕು ಜನರನ್ನು ಊಟಕ್ಕೆ ಕರೆದಳು. ಬೆಳಿಗ್ಗೆ ಮೊದಲು ಹಾಲುಕ್ಕಿಸುವ ಶಾಸ್ತ್ರ. ಹಾಲು ಉಕ್ಕಿ ಚೆಲ್ಲಿದರೆ ಮನೆಗೆ ಒಳ್ಳೆಯದು, ಆದರೆ ಬಿಳಿ ಕಲ್ಲಿಗೆ ಒಳ್ಳೆಯದಲ್ಲ. ಸುಮನಾ ಪಾತ್ರೆಯ ಕೆಳಗೆ ದೊಡ್ಡ ಸ್ಟೀಲ್ ಪರಾತ ಇಟ್ಟು, ಸುತ್ತ ಹಳೇ ಟವೆಲ್ ಹಾಸಿ, ಕಾಲು ಲೋಟ ಹಾಲನ್ನು ಉಕ್ಕಿಸಿ, ಕೂಡಲೇ ಒರೆಸಿ, ಫೋಟೋ ತೆಗೆದುಕೊಂಡಳು. ದೇವರಿಗೂ ಅಷ್ಟರಲ್ಲೇ ತೃಪ್ತಿಯಾಗಬೇಕು. ಆಮೇಲೆ ಅವಳು ಸೀರೆ ಉಡಲು ಹೋದಳು, ದ್ಯಾಮಮ್ಮ ಹಲಗೆ ಹತ್ತಿದಳು.

ಹೋಳಿಗೆ ಬೆಂದು ಮುಗಿದಿತ್ತು. ಹೋಳಿಗೆ ಸಾರಿಗೆ ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಡುತ್ತಿದ್ದಾಗ ಹಿತ್ತಲ ಬಾಗಿಲು ತೆರೆದುಕೊಂಡಿತು. ಪುಷ್ಪಮ್ಮ. ಮಧ್ಯಾಹ್ನ ಬರಬೇಕಾದವರು ಎರಡು ಗಂಟೆ ಮೊದಲೇ ಬಂದಿದ್ದರು. ದ್ಯಾಮಮ್ಮ ಹಲಗೆಯ ಮೇಲೆ, ಕೈಯಲ್ಲಿ ಸೌಟು, ಒಲೆಯ ಮೇಲೆ ಚಟಪಟ ಸದ್ದು. ಇಳಿಯಲು ಹೊತ್ತೇ ಇರಲಿಲ್ಲ. ಈಗ ಈ ಹೆಂಗಸು ಕೂಗಾಡುತ್ತಾಳೆ, ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಕೊಳ್ಳುತ್ತಾಳೆ ಎಂದು ದ್ಯಾಮಮ್ಮ ಕಾದಳು. ಭಯದ ಜೊತೆಗೆ, ಸುಳ್ಳೇಕೆ, ಸ್ವಲ್ಪ ಆಸೆಯೂ ಇತ್ತು.

ಪುಷ್ಪಮ್ಮ ಅವಳ ಮುಖ ನೋಡಲಿಲ್ಲ. ಹಲಗೆ ನೋಡಿದರು.

"ಇದನ್ನ ಎತ್ತಿ ಆ ತೆಂಗಿನಕಾಯಿ ಮೂಟೆ ಹಿಂದೆ ಇಡು," ಎಂದರು. "ಜನ ಅಡುಗೆಮನೆ ನೋಡೋಕೆ ಅಂತಲೇ ಬರ್ತಿರೋದು. ಸುಮನಾ ಅಷ್ಟು ಎತ್ತರ ಇದ್ದಾಳೆ, ಈ ಮೆಟ್ಟು ಯಾರಿಗೆ ಅಂತ ಯಾರಾದ್ರೂ ಕೇಳ್ತಾರೆ."

ದ್ಯಾಮಮ್ಮ ಒಲೆಯ ಉರಿ ಸಣ್ಣ ಮಾಡಿದಳು. "ನಿಮಗೆ ಗೊತ್ತಿತ್ತಾ ಅಮ್ಮಾವ್ರೇ?"

"ಅವಳಿಗೆ ಸಾಸಿವೆ ಸಿಡಿಸೋಕೂ ಬರಲ್ಲ ಅಂತ ಮದುವೆಯಾದ ವಾರದಲ್ಲೇ ಗೊತ್ತಾಯ್ತು. ಎಲ್ಲರಿಗೂ ಗೊತ್ತು."

"ಯಜಮಾನ್ರಿಗೂ?"

"ಅವರೇ ನಂಗೆ ಹೇಳಿದ್ದು. ಬೆಳ್ಳುಳ್ಳಿ ಹಿಂಗೆ ಜಜ್ಜಿ ಹಾಕೋರು ನಮ್ಮೋರಲ್ಲ ಅಂತ ಮೊದಲನೇ ದಿನವೇ ಹೇಳಿದ್ರು. ಹೇಳಿ ಇನ್ನೊಂದು ಸೌಟು ಹಾಕಿಸ್ಕೊಂಡ್ರು." ಪುಷ್ಪಮ್ಮ ಸಾರನ್ನು ಬಗ್ಗಿ ಮೂಸಿದರು. "ಗೊತ್ತು ಅಂದ್ರೆ ತಿನ್ನೋ ಹಾಗಿಲ್ಲ. ಅದಕ್ಕೆ ಗೊತ್ತಿಲ್ಲ. ಇಷ್ಟು ವರ್ಷ ಬಾಯಿ ಮುಚ್ಕೊಂಡು ಇದ್ದೀಯ, ಒಳ್ಳೆ ಹೆಂಗಸು ನೀನು. ಉಪ್ಪು ಒಂಚೂರು ಹಾಕು."

ದ್ಯಾಮಮ್ಮ ಉಪ್ಪು ಹಾಕಿದಳು. ಹಲಗೆಯನ್ನು ತೆಂಗಿನಕಾಯಿ ಮೂಟೆಯ ಹಿಂದೆ ಇಟ್ಟಳು. ಹಿತ್ತಲಿಗೆ ಹೋಗಿ ಪಾತ್ರೆಗಳ ಮುಂದೆ ಕೂತಳು. ತಾನು ಇವರನ್ನು ಎಂಟು ವರ್ಷ ಮೂರ್ಖರನ್ನಾಗಿ ಮಾಡಿದೆ ಎಂದು ಹಿಗ್ಗಿದ್ದಳಲ್ಲ, ಆ ಹಿಗ್ಗನ್ನೂ ಇವರೇ ಇಟ್ಟುಕೋ ಎಂದು ಬಿಟ್ಟುಕೊಟ್ಟಿದ್ದರು, ಹಳಸಿದ ಅನ್ನ ಕಟ್ಟಿಕೊಡುವ ಹಾಗೆ. ಮೊದಲು ಅವರು ದಡ್ಡರೆಂದು ತಾತ್ಸಾರವಿತ್ತು. ಈಗ ಹೇಸಿಗೆಯಾಯಿತು. ಹಠ ಹಿಡಿದು ತಿನ್ನದೇ ಇರುವವರನ್ನು ಬೈದು ಬಿಡಬಹುದು. ತಿಂದು ಬಾಯಿ ಒರೆಸಿಕೊಳ್ಳುವವರನ್ನು ಏನು ಮಾಡುವುದು?

ಮಧ್ಯಾಹ್ನ ನೆಂಟರು ಬಂದರು. ಕಲ್ಲು ಸವರಿದರು, ನಲ್ಲಿ ಎಳೆದು ನೋಡಿದರು, ಆಲಿವ್ ಚಿತ್ರವನ್ನು ದ್ರಾಕ್ಷಿ ಎಂದು ಹೊಗಳಿದರು. ನಡುಮನೆಯಲ್ಲಿ ಚಾಪೆ ಹಾಸಿ ಎಲೆ ಹಾಕಿದ್ದಾಯಿತು. ಸುಮನಾ ರೇಷ್ಮೆ ಸೀರೆಯಲ್ಲಿ ಬಡಿಸಿದಳು. ಸಾರು ಬಂದ ಹೊತ್ತಿಗೆ ಭೈರಪ್ಪನವರ ದನಿ ಹಿತ್ತಲಿಗೂ ಕೇಳಿಸಿತು: "ಏನು ಕೈ ಮಾರಾಯ್ತಿ ನಿಂದು. ಹೊಸ ಅಡುಗೆಮನೆ ಸಾರ್ಥಕ ಆಯ್ತು ನೋಡು."

ದ್ಯಾಮಮ್ಮ ಕೈ ತೊಳೆದುಕೊಂಡಳು. ಸೆರಗಿನಲ್ಲಿ ಒರೆಸಿಕೊಂಡಳು. ಮೂಟೆಯ ಹಿಂದಿನಿಂದ ಹಲಗೆ ಎತ್ತಿಕೊಂಡು ಸೀದಾ ನಡುಮನೆಗೆ ನಡೆದಳು. ಸುಮನಾ ಕೈಯಲ್ಲಿ ಸಾರಿನ ಪಾತ್ರೆ ಹಿಡಿದು, ಭೈರಪ್ಪನವರ ಅನ್ನದ ಮೇಲೆ ಸೌಟು ಬಗ್ಗಿಸುತ್ತಿದ್ದವಳು ಹಾಗೇ ನಿಂತಳು. ದ್ಯಾಮಮ್ಮ ಭೈರಪ್ಪನವರ ಎಲೆಯ ಎದುರಿಗೆ ಹಲಗೆ ಇಟ್ಟು ಅದರ ಮೇಲೆ ಕೂತಳು.

"ಸಾವಕಾಶ ಊಟ ಮಾಡಿ ಎಲ್ಲರೂ," ಎಂದಳು. "ಅಡುಗೆ ಮಾಡಿದೋರು ಪಂಕ್ತಿಗೆ ಬಂದು ವಿಚಾರಿಸ್ಕೋಬೇಕಲ್ವಾ. ಎಂಟು ವರ್ಷದಿಂದ ಬಾಕಿ ಇತ್ತು. ಯಜಮಾನ್ರೇ, ಬೆಳ್ಳುಳ್ಳಿ ಜಾಸ್ತಿ ಆಯ್ತಾ?"

ಪಂಕ್ತಿಯ ಕೈಗಳೆಲ್ಲ ಎಲೆಯ ಮೇಲೆ ನಿಂತವು. ಭೈರಪ್ಪನವರ ಬಾಯಿತುಂಬ ಅನ್ನವಿತ್ತು. ಉಗುಳಿದರೆ ತಿಂದದ್ದನ್ನೆಲ್ಲ ಉಗುಳಿದ ಲೆಕ್ಕ. ನುಂಗಿದರೆ ಈಗ ಎಲ್ಲರೆದುರು, ಗೊತ್ತಿದ್ದೇ ನುಂಗಿದ ಹಾಗೆ. ಅವರು ಪುಷ್ಪಮ್ಮನ ಕಡೆ ನೋಡಿದರು. ಪುಷ್ಪಮ್ಮ ಉಪ್ಪಿನಕಾಯಿ ನೋಡುತ್ತಿದ್ದರು. ಸುದೀಪ್ ಎದ್ದೇಳಲು ಹೋಗಿ, ಪಂಕ್ತಿಯ ನಡುವೆ ಏಳಬಾರದೆಂದು ನೆನಪಾಗಿ, ಅರ್ಧಕ್ಕೇ ಕೂತ. ದ್ಯಾಮಮ್ಮ ಅವಸರ ಮಾಡಲಿಲ್ಲ. ಮೊಣಕಾಲಿನ ಮೇಲೆ ಕೈಯಿಟ್ಟು ಕಾದಳು.

ಭೈರಪ್ಪ ನುಂಗಿದರು. ತುತ್ತು ಗಂಟಲಲ್ಲಿ ಇಳಿದು ಹೋಗುವುದನ್ನು ಅವಳು ಪೂರ್ತಿ ನೋಡಿದಳು.

"ಸರಿ ಇದೆ," ಎಂದರು ಅವರು, ಯಾರಿಗೂ ಕೇಳಬಾರದೆಂಬಂತೆ.

"ಅಷ್ಟು ಸಾಕು," ಎಂದು ದ್ಯಾಮಮ್ಮ ಎದ್ದಳು. ಹಲಗೆಯನ್ನು ಅಲ್ಲೇ ಬಿಟ್ಟು ಸುಮನಾಳನ್ನು ನೋಡಿದಳು. "ಅಕ್ಕಾ, ಓಬಣ್ಣನ ನಂಬರ್ ನಿಮ್ಹತ್ರ ಇದೆ. ಕಲ್ಲು ಇಳಿಸೋದಾದ್ರೆ ಕರೀರಿ. ಬರ್ತೀನಿ, ಬಂದು ಗೋಡೆಗೆ ಒರಗಿ ನಿಂತ್ಕೋತೀನಿ. ಅಮ್ಮಾವ್ರು ಅವತ್ತಿನ ಹಾಗೇ ಕುರ್ಚಿ ಹಾಕ್ಕೊಂಡು ನೋಡ್ಲಿ."

ಅವಳು ಮುಂಬಾಗಿಲಿನ ಕಡೆ ನಡೆದಳು. ಚಪ್ಪಲಿ ಹಿತ್ತಲಲ್ಲಿದ್ದವು, ಸುತ್ತಿ ಹೋಗಿ ಹಾಕಿಕೊಂಡರಾಯಿತು. ಹೊಸ್ತಿಲ ಮೇಲೆ ನಿಂತು ಒಮ್ಮೆ ತಿರುಗಿದಳು. ಸುಮನಾಳ ಕೈಯ ಸೌಟು ಬಗ್ಗಿದ್ದು ಬಗ್ಗಿದಂತೆಯೇ ಇತ್ತು, ಇನ್ನೊಂದು ಕೈಯ ಪಾತ್ರೆಯೂ ಈಗ ವಾಲಿತ್ತು. ಸಾರು ಅನ್ನ ದಾಟಿ, ಹೋಳಿಗೆ ದಾಟಿ ಎಲೆಯ ಅಂಚಿಗೆ ಹರಿಯುತ್ತಿತ್ತು. ಅದನ್ನು ತಡೆಯಲು ಯಾರೂ ಕೈ ಅಡ್ಡ ಇಡಲಿಲ್ಲ. ಅದು ಭೈರಪ್ಪನವರ ಬಿಳಿ ಪಂಚೆಯ ಕಡೆ ಹೊರಟಿತ್ತು.