ಸಮುದ್ರದ ಕಡೆಯ ಹಗ್ಗ

ಬಾಯಲ್ಲಿ ನಾಲ್ಕು ಕ್ಲಿಪ್ಪು ಕಚ್ಚಿಕೊಂಡೇ ಅವಳು ಮಾಳಿಗೆಯಿಂದ ಕೆಳಗಿದ್ದ ಅತ್ತೆಗೆ ಉತ್ತರ ಕೊಟ್ಟಳು. "ಯಾರಿಗೂ ಕಾಣಲ್ಲ ಅತ್ತೆ. ಸಮುದ್ರದ ಕಡೆ ಹಗ್ಗಕ್ಕೆ ಹಾಕ್ತಿದೀನಿ. ಬೀದಿಗೆ ಹೊದಿಕೆಗಳು ಅಡ್ಡ ಇವೆ."

"ಕಂಡ್ರೆ ನಿನ್ನ ಜೊತೆ ನನ್ನ ತಲೆನೂ ಹೋಗುತ್ತೆ. ನನ್ನದೇನು ಬಿಡು, ಹಲ್ಲು ಮೊದಲೇ ಹೋದ ತಲೆ."

ಬಂದರಿನ ಗೋಪುರಕ್ಕೆ ಅಂಟಿಕೊಂಡ ಮನೆ ಅದು. ಬಾವುಟ ಹೊಲಿಯುವುದು ಮೂರು ತಲೆಮಾರಿನ ಕಸುಬು. ಅತ್ತೆ ಮದುವೆಯಾಗಿ ಬಂದ ಮೇಲೇ ಊರು ಎರಡು ದೇಶಗಳ ನಡುವೆ ಐದು ಸಲ ಕೈ ಬದಲಾಯಿಸಿತ್ತು. ಹಾಗಾಗಿ ಇಳಿದ ಬಾವುಟವನ್ನು ಈ ಮನೆಯವರು ಸುಡುವುದಿಲ್ಲ. "ಸೋತವರ ಬಟ್ಟೆ ಜೋಪಾನ ಮಾಡಬೇಕು. ಗೆದ್ದು ಬಂದಾಗ ಹೊಸದು ಹೊಲಿಯೋಕೆ ಅವರು ಪುರಸೊತ್ತು ಕೊಡಲ್ಲ," ಎನ್ನುವುದು ಅತ್ತೆಯ ಮಾತು. ವರ್ಷಕ್ಕೊಮ್ಮೆ ಒಗೆದು ಒಣಗಿಸಿ, ಮತ್ತೆ ಪೆಟ್ಟಿಗೆಯ ತಳಕ್ಕೆ.

ಈ ಸಲ ತಳದಿಂದ ಮಾಳಿಗೆಯ ಹಗ್ಗಕ್ಕೆ ಬಂದದ್ದು ಕೆಂಪು. ಗೋಪುರದ ಮೇಲೆ ಹಾರುತ್ತಿದ್ದದ್ದು ನೀಲಿ. ಅದು ಬೆಳಗಿನ ಗಾಳಿಗೆ ಹರಿದಿದ್ದರಿಂದ ಸಿಪಾಯಿಯೊಬ್ಬ ಇಳಿಸಿ ತಂದುಕೊಟ್ಟು ಹೋಗಿದ್ದ. ಗೋಪುರದ ಕಂಬ ಬೋಳಾಗಿತ್ತು.

ಕೆಂಪು ಇಳಿದ ದಿನ ಅವಳ ಗಂಡ ದ್ವೀಪಕ್ಕೆ ತಪ್ಪಿಸಿಕೊಂಡಿದ್ದ. ಹಡಗುಗಳಿಗೆ ದಾರಿ ತೋರಿಸುವ ದೋಣಿಯವನು. ಸೋತವರ ಹಡಗುಗಳನ್ನು ಒಳಗೆ ತಂದವನೆಂದು ನೀಲಿಯವರು ಅವನನ್ನು ಹುಡುಕುತ್ತಿದ್ದರು. "ಕೆಂಪು ಏರಿದ್ದು ಕಂಡ ಗಳಿಗೆ ಹೊರಡ್ತೀನಿ ಕಣೆ," ಅಂದಿದ್ದ. ಅವಳ ಅಳು ನಿಲ್ಲಿಸಲು, "ದ್ವೀಪದಿಂದ ದುರ್ಬೀನು ಹಾಕಿದ್ರೂ ಗೋಪುರ ಯಾವುದು, ನಮ್ಮ ಮಾಳಿಗೆ ಯಾವುದು ತಿಳಿಯಲ್ಲ. ಒಣಹಾಕಿದ ನಿನ್ನ ಲಂಗಾನೇ ಬಾವುಟ ಅಂದ್ಕೊಂಡು ಸಲಾಮು ಹೊಡೆದ ಕಪ್ತಾನರಿದ್ದಾರೆ," ಎಂದೂ ಅಂದಿದ್ದ. ಅವಳು ಅಳುತ್ತಲೇ ನಕ್ಕಿದ್ದಳು. ಆಮೇಲೆ ಮರೆತಿದ್ದಳು.

ಕೆಳಗೆ ಬಂದು ನೀಲಿಯ ಅಂಚು ಬಿಚ್ಚಿ, ಮಡಿಸಿ, ಯಂತ್ರಕ್ಕೆ ಕೊಟ್ಟಳು. ಹೊಲಿಗೆ ಮುಗಿಯುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು.

"ಒಣಗಿರುತ್ತೆ, ತೆಗೆದುಬಿಡು," ಅಂದಳು ಅತ್ತೆ.

ಮಾಳಿಗೆಯಲ್ಲಿ ಒಂದೊಂದೇ ಕ್ಲಿಪ್ಪು ಬಿಚ್ಚಿ ಬಾಯಿಗಿಟ್ಟುಕೊಂಡಳು. ನಾಲ್ಕನೆಯದನ್ನು ಕಚ್ಚಿಕೊಂಡು ತಲೆಯೆತ್ತಿದಾಗ ದೋಣಿ ಕಂಡಿತು. ಅಲೆಗಳ ಮೇಲೆ ನೆಟ್ಟಗೆ ಬಂದರಿನ ಬಾಯಿಗೇ ಬರುತ್ತಿತ್ತು. ಪಟದ ಎಡ ಮೂಲೆಯಲ್ಲಿ ಚೌಕ ತೇಪೆ, ಅವಳದೇ ಹೊಲಿಗೆ. ಮುಂದೆ ನಿಂತವನು ಎರಡೂ ಕೈ ಎತ್ತಿ ಬೀಸುತ್ತಿದ್ದ.

ಅವಳು ಹಗ್ಗದಿಂದ ಕೆಂಪನ್ನು ಎಳೆದು, ಹಿಂದೆ ಹೋಗು, ಹಿಂದೆ ಹೋಗು ಎಂಬಂತೆ ಬೀಸಿದಳು. ಅವನು ಅದನ್ನು ಕಂಡು ಇನ್ನೂ ಜೋರಾಗಿ ಕೈ ಬೀಸಿದ. ಟೋಪಿ ತೆಗೆದು ಮೇಲಕ್ಕೆಸೆದ.

ಬಂದರಿನ ಕೋಟೆಯಿಂದ ನೀಲಿಯವರ ತೋಪು ಎರಡು ಸಲ ಹಾರಿತು. ಹೊದಿಕೆಗಳು ಅದುರಿದವು. ಹೊಗೆ ಸರಿದಾಗ ನೀರಿನ ಮೇಲೆ ಹಲಗೆಗಳಿದ್ದವು.

ಅತ್ತೆ ಮಂಡಿ ಹಿಡಿದುಕೊಂಡು ಏದುಸಿರು ಬಿಡುತ್ತ ಮೇಲೆ ಬಂದಳು. ಮಂಜುಗಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಯಾರದೇ ಅದು? ಯಾವ ತಾಯಿ ಮಗನೋ ಪಾಪ. ನಿನಗೇನಾದ್ರೂ ಕಂಡಿತಾ?"

ಸೊಸೆ ಅಲ್ಲಾಡಲಿಲ್ಲ.

"ಕೇಳಿದ್ದಕ್ಕೆ ಹೇಳಬಾರದಾ? ಅಯ್ಯೋ, ಬಾಯಿ ತುಂಬ ಇದನ್ನ ತುಂಬಿಕೊಂಡು ಹೇಗೆ ಹೇಳ್ತೀಯ," ಎಂದು ಅತ್ತೆ ಮಗುವಿನ ಬಾಯಿಂದ ತೆಗೆಯುವ ಹಾಗೆ ಒಂದು ಕ್ಲಿಪ್ಪು ತೆಗೆದಳು. ಎರಡನೆಯದು ತೆಗೆದಳು. ಮೂರನೆಯದೂ ಬಂತು.

ನಾಲ್ಕನೆಯದನ್ನು ಹಲ್ಲು ಬಿಡಲಿಲ್ಲ.